ವಿಮಾನಕ್ಕೆ ಮೊದಲು ವಿಮೆ: ಪರದೇಶಕ್ಕೆ ಹೊರಟವರ ಆರೋಗ್ಯಕ್ಕೆ 18 ಸೂತ್ರಗಳು

ಚಿಕ್ಕಬಳ್ಳಾಪುರದವರಿಗೆ ದೇವನಹಳ್ಳಿಯ ವಿಮಾನ ನಿಲ್ದಾಣ ಮನೆಯ ಪಕ್ಕದ್ದೇ. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದವರಿಗೂ ದೂರವೇನಲ್ಲ. ಡ್ರೈವರ್ ಕೆಲಸಕ್ಕೆ, ಎಸಿ ರಿಪೇರಿಗೆ, ಮನೆಗೆಲಸಕ್ಕೆ ಗಲ್ಫ್‌ಗೆ ಹೋಗುವವರು, ನರ್ಸಿಂಗ್ ಓದಿ ಇಂಗ್ಲೆಂಡಿಗೆ ಹೊರಡುವ ಹೆಣ್ಣುಮಕ್ಕಳು, ಎಂಜಿನಿಯರಿಂಗ್ ಮುಗಿಸಿ ಅಮೆರಿಕ, ಜರ್ಮನಿ ಹಿಡಿಯುವ ಹುಡುಗರು ಎಲ್ಲರೂ ಇದೇ ದಾರಿಯಲ್ಲಿ ಹೋಗುತ್ತಾರೆ. ಹೊರಡುವ ಮುನ್ನ ವೀಸಾ, ಟಿಕೆಟ್, ಸಂಬಳದ ಬಗ್ಗೆ ಹತ್ತು ಜನರನ್ನು ವಿಚಾರಿಸುತ್ತಾರೆ. ಆದರೆ ಅಲ್ಲಿ ಕಾಯಿಲೆ ಬಿದ್ದರೆ ಆಸ್ಪತ್ರೆಯ ಬಿಲ್ ಕಟ್ಟುವವರು ಯಾರು ಎಂದು ಕೇಳುವವರು ಕಡಿಮೆ.

ಪರದೇಶದಲ್ಲಿ ಒಂದು ಆಪರೇಷನ್ ವರ್ಷಗಳ ಉಳಿತಾಯವನ್ನು ನುಂಗಿಬಿಡಬಹುದು. ಕಾಯಿಲೆ ಬಂದ ಮೇಲೆ ವಿಮೆ ಹುಡುಕುವುದೆಂದರೆ ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ. ಆರೋಗ್ಯದ ಏರ್ಪಾಡು ಊರಲ್ಲೇ, ಟಿಕೆಟ್ ಕೈಗೆ ಬರುವ ಮೊದಲೇ ಆಗಬೇಕು. ಹೊರಡುವವರಿಗೂ ಆಗಬೇಕು, ಹಿಂದೆ ಉಳಿಯುವ ಮನೆಯವರಿಗೂ ಆಗಬೇಕು. ಅದಕ್ಕೆ ಈ ಸೂತ್ರಗಳು.

1. ಸಂಬಳ ಕೇಳುವಾಗಲೇ ವಿಮೆಯನ್ನೂ ಕೇಳಿ

ಆರೋಗ್ಯ ವಿಮೆ ಮಾಲೀಕರ ದಯೆಯಲ್ಲ, ಹಲವು ದೇಶಗಳಲ್ಲಿ ಅದು ಕಾನೂನು. ಅಬುಧಾಬಿಯಲ್ಲಿ 2006ರಿಂದ ಕೆಲಸಗಾರರ ವಿಮೆ ಕಡ್ಡಾಯವಾಗಿದೆ. ದುಬೈ 2013ರಲ್ಲಿ ಇದಕ್ಕೆಂದೇ ಕಾಯ್ದೆ ಮಾಡಿತು. ಶಾರ್ಜಾ, ಅಜ್ಮಾನ್ ಸೇರಿದಂತೆ ಉತ್ತರದ ಎಮಿರೇಟ್‌ಗಳಲ್ಲಿ 2025ರ ಜನವರಿ 1ರಿಂದ ಖಾಸಗಿ ಕಂಪನಿ ನೌಕರರಿಗೂ ಮನೆಗೆಲಸದವರಿಗೂ ವಿಮೆ ಮಾಡಿಸಲೇಬೇಕು. ಅಲ್ಲಿನ ಮೂಲ ಪ್ಯಾಕೇಜಿಗೆ ವರ್ಷಕ್ಕೆ 320 ದಿರ್ಹಾಂ, ಅದನ್ನು ಕಟ್ಟಬೇಕಾದವರು ಮಾಲೀಕರು. ಸೌದಿಯಲ್ಲೂ ಖಾಸಗಿ ಕಂಪನಿಗಳು ನೌಕರರಿಗೆ ವಿಮೆ ಮಾಡಿಸಬೇಕು. ಹಾಗಾಗಿ ಆಫರ್ ಲೆಟರ್ ಬಂದ ದಿನವೇ ಮೂರು ಪ್ರಶ್ನೆ ಕೇಳಿ: ವಿಮೆ ಯಾವ ದಿನದಿಂದ ಶುರು? ವರ್ಷಕ್ಕೆ ಎಷ್ಟು ಮೊತ್ತದವರೆಗೆ? ಹೆಂಡತಿ ಮಕ್ಕಳು ಅದರಲ್ಲಿ ಸೇರುತ್ತಾರೆಯೇ? ಉತ್ತರ ಬರವಣಿಗೆಯಲ್ಲಿ ಇರಲಿ. ಬಾಯಿಮಾತು ಆಸ್ಪತ್ರೆಯ ಕೌಂಟರಿನಲ್ಲಿ ನಡೆಯುವುದಿಲ್ಲ.

2. ಇಸಿಆರ್ ಪಾಸ್‌ಪೋರ್ಟ್ ಇದ್ದರೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯನ್ನು ಅರಿಯಿರಿ

ಎಸ್ಸೆಸ್ಸೆಲ್ಸಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ (ವಲಸೆ ತಪಾಸಣೆ ಬೇಕಾದದ್ದು) ಆಗಿರುತ್ತದೆ. ಗಲ್ಫ್ ಸೇರಿದಂತೆ 18 ದೇಶಗಳಿಗೆ ಅವರು ಕೆಲಸಕ್ಕೆ ಹೋಗಬೇಕಾದರೆ ಇ-ಮೈಗ್ರೇಟ್ ಎಂಬ ಸರ್ಕಾರಿ ತಾಣದ ಮೂಲಕ ಅನುಮತಿ ಬೇಕು, ಜೊತೆಗೆ ಈ ವಿಮೆಯೂ ಕಡ್ಡಾಯ. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ, ಮೇಲೆ ತೆರಿಗೆ. ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯವಾದರೆ 10 ಲಕ್ಷ ರೂಪಾಯಿ. ಆಸ್ಪತ್ರೆ ಖರ್ಚಿಗೆ 1 ಲಕ್ಷದವರೆಗೆ. ಕೆಲಸದ ವಿಚಾರದಲ್ಲಿ ಕೋರ್ಟ್ ಮೆಟ್ಟಿಲು ಹತ್ತಬೇಕಾದರೆ ಅದಕ್ಕೂ ಒಂದಿಷ್ಟು ನೆರವು. ಅಲ್ಲಿ ಹೋದ ಮೇಲೆ ಮಾಲೀಕರು ಬದಲಾದರೂ ವಿಮೆ ಮುಂದುವರಿಯುತ್ತದೆ.

ಈ ಕಾಗದ ಏಜೆಂಟರ ಫೈಲಿನಲ್ಲೇ ಉಳಿಯಬಾರದು. ಒಂದು ಪ್ರತಿ ನಿಮ್ಮ ಪಾಸ್‌ಪೋರ್ಟ್ ಜೊತೆ, ಇನ್ನೊಂದು ಊರಲ್ಲಿ ಹೆಂಡತಿಯ ಅಥವಾ ಅಪ್ಪನ ಕೈಯಲ್ಲಿ ಇರಲಿ. ಪಾಲಿಸಿ ಇರುವುದೇ ಮನೆಯವರಿಗೆ ಗೊತ್ತಿಲ್ಲದಿದ್ದರೆ ಕ್ಲೇಮ್ ಹಾಕುವವರು ಯಾರು? ನಾಮಿನಿಯ ಹೆಸರು ಆಧಾರ್‌ನಲ್ಲಿ ಇರುವ ಹಾಗೆಯೇ ಬರೆದಿದೆಯೇ ಎಂದೂ ನೋಡಿಕೊಳ್ಳಿ.

3. ವಿಸಿಟ್ ವೀಸಾದಲ್ಲಿ ದುಡಿಯಲು ಹೋಗಬೇಡಿ

"ಮೊದಲು ವಿಸಿಟ್‌ನಲ್ಲಿ ಹೋಗಿ, ಅಲ್ಲೇ ವೀಸಾ ಬದಲಾಯಿಸೋಣ" ಎನ್ನುವ ಏಜೆಂಟರನ್ನು ದೂರವಿಡಿ. ವಿಸಿಟ್ ವೀಸಾದಲ್ಲಿ ಹೋದವರಿಗೆ ಇ-ಮೈಗ್ರೇಟ್ ದಾಖಲೆ ಇರುವುದಿಲ್ಲ, ಬಿಮಾ ಯೋಜನೆ ಇರುವುದಿಲ್ಲ, ಮಾಲೀಕರ ವಿಮೆಯೂ ಇರುವುದಿಲ್ಲ. ಕೆಲಸದ ಜಾಗದಲ್ಲಿ ಬಿದ್ದು ಕಾಲು ಮುರಿದರೆ ಕಾನೂನಿನ ಕಣ್ಣಿಗೆ ಅವರು ಕೆಲಸಗಾರರೇ ಅಲ್ಲ. ಏಜೆಂಟರು ನೋಂದಾಯಿತರೇ ಎಂಬುದನ್ನು ಇ-ಮೈಗ್ರೇಟ್ ತಾಣದಲ್ಲೇ ನೋಡಬಹುದು. ನೋಂದಾಯಿತ ಏಜೆಂಟರು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕಕ್ಕೆ 30,000 ರೂಪಾಯಿ ಮತ್ತು ತೆರಿಗೆಯ ಮಿತಿಯಿದೆ. ಅದಕ್ಕಿಂತ ಹೆಚ್ಚು ಕೇಳಿದರೆ ಅಲ್ಲಿಗೇ ನಿಲ್ಲಿಸಿ.

4. ದುಡ್ಡು ಕಟ್ಟುವ ಮೊದಲು ಮೈ ಪರೀಕ್ಷೆ ಮಾಡಿಸಿ

ಗಲ್ಫ್ ಕೆಲಸದ ವೀಸಾಕ್ಕೆ ಮಾನ್ಯತೆ ಪಡೆದ ಕೇಂದ್ರದಲ್ಲಿ ಮೆಡಿಕಲ್ ಆಗಲೇಬೇಕು. ಎದೆಯ ಎಕ್ಸ್‌ರೇ, ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆಗಳು ಅದರಲ್ಲಿ ಇರುತ್ತವೆ. ಎಂದೋ ವಾಸಿಯಾದ ಟಿಬಿಯ ಕಲೆ ಎಕ್ಸ್‌ರೇಯಲ್ಲಿ ಕಂಡರೂ 'ಅನ್‌ಫಿಟ್' ಎಂದು ಬರೆಯಬಹುದು. ಜಮೀನು ಅಡವಿಟ್ಟು ಏಜೆಂಟರಿಗೆ ಹಣ ಕೊಟ್ಟ ಮೇಲೆ ಈ ಮಾತು ಕೇಳುವುದು ಬೇಡ. ಮೊದಲೇ ತಾಲ್ಲೂಕು ಆಸ್ಪತ್ರೆಯಲ್ಲೋ ಜಿಲ್ಲಾಸ್ಪತ್ರೆಯಲ್ಲೋ ಎಕ್ಸ್‌ರೇ, ರಕ್ತ ಪರೀಕ್ಷೆ ಮಾಡಿಸಿ. ಟಿಬಿ ಇದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಪೂರ್ತಿ ಉಚಿತ, ಮುಗಿಸಿಕೊಂಡೇ ಮುಂದಿನ ಮಾತು. ಶುಗರ್, ಬಿಪಿ ಇದ್ದರೆ ಹತೋಟಿಗೆ ತಂದುಕೊಳ್ಳಿ. ಅಲ್ಲಿ ಇಳಿದ ಮೇಲೆ ಮತ್ತೊಮ್ಮೆ ಪರೀಕ್ಷೆ ಇರುತ್ತದೆ ಎಂಬುದೂ ನೆನಪಿರಲಿ.

5. ಹಲ್ಲು, ಕಣ್ಣಿನ ಕೆಲಸ ಇಲ್ಲೇ ಮುಗಿಸಿ

ಅಮೆರಿಕದಲ್ಲಿ ಆರೋಗ್ಯ ವಿಮೆ ಬೇರೆ, ಹಲ್ಲಿನ ವಿಮೆ ಬೇರೆ, ಕಣ್ಣಿನ ವಿಮೆ ಬೇರೆ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಡಾಕ್ಟರನ್ನು ನೋಡಲು ಹಣ ಬೇಡ, ಆದರೆ ದೊಡ್ಡವರ ಹಲ್ಲಿನ ಚಿಕಿತ್ಸೆಗೆ ಶುಲ್ಕವಿದೆ, ಸರದಿಯೂ ಉದ್ದ. ನೋಯುವ ಹಲ್ಲು, ಅರ್ಧಕ್ಕೆ ನಿಂತ ರೂಟ್ ಕೆನಾಲ್, ಬದಲಾಗಬೇಕಾದ ಕನ್ನಡಕ ಎಲ್ಲವನ್ನೂ ಹೊರಡುವ ತಿಂಗಳಿಗೆ ಮುಂಚೆಯೇ ಮುಗಿಸಿ. ಒಂದು ಜೊತೆ ಹೆಚ್ಚುವರಿ ಕನ್ನಡಕ, ನಂಬರ್ ಬರೆದ ಚೀಟಿ ಜೊತೆಗಿರಲಿ.

6. ನಮ್ಮ ನೀರಿನ, ನಮ್ಮ ಕೆಲಸದ ಚರಿತ್ರೆ ಕಡತದಲ್ಲಿರಲಿ

ಅಲ್ಲಿನ ವೈದ್ಯರಿಗೆ ನಮ್ಮ ಊರು ಗೊತ್ತಿರುವುದಿಲ್ಲ, ನಾವೇ ಹೇಳಬೇಕು. ನಮ್ಮ ಜಿಲ್ಲೆಯ ಎಷ್ಟೋ ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇದೆ. ಅದನ್ನು ಕುಡಿದು ಬೆಳೆದವರ ಹಲ್ಲಿನ ಮೇಲೆ ಕಂದು ಕಲೆ, ವಯಸ್ಸಾದಂತೆ ಕೀಲು ಮತ್ತು ಬೆನ್ನು ನೋವು ಕಾಣಿಸಿಕೊಳ್ಳುತ್ತವೆ. ಫ್ಲೋರೋಸಿಸ್ ನೋಡಿಯೇ ಇರದ ವೈದ್ಯರು ಬೇರೆ ಕಾಯಿಲೆ ಹುಡುಕುತ್ತಾ ಕೂರಬಹುದು. ಶಿಡ್ಲಘಟ್ಟದ ರೀಲಿಂಗ್ ಮನೆಗಳಲ್ಲಿ, ರೇಷ್ಮೆಗೂಡು ಬೇಯಿಸುವ ಹಬೆಯ ನಡುವೆ ಕೆಲಸ ಮಾಡಿದವರಿಗೆ ಉಬ್ಬಸ, ಕೈ ಚರ್ಮದ ತೊಂದರೆ ಇದ್ದರೆ ಅದನ್ನೂ ಹೇಳಿ.

ಇನ್ನೊಂದು ವಿಷಯ ತುಂಬಾ ಮುಖ್ಯ. ನಮ್ಮಲ್ಲಿ ಹುಟ್ಟಿದ ಮಗುವಿಗೆ ಬಿಸಿಜಿ ಲಸಿಕೆ ಹಾಕುತ್ತಾರೆ. ಅದರಿಂದಾಗಿ ಅಮೆರಿಕದಲ್ಲಿ ಚರ್ಮದ ಮೇಲೆ ಮಾಡುವ ಟಿಬಿ ಪರೀಕ್ಷೆ ಟಿಬಿ ಇಲ್ಲದಿದ್ದರೂ ಪಾಸಿಟಿವ್ ಬರಬಹುದು. ವಿದ್ಯಾರ್ಥಿಗಳೂ ನರ್ಸ್‌ಗಳೂ ಬಿಸಿಜಿ ಹಾಕಿಸಿಕೊಂಡಿದ್ದೇವೆಂದು ಹೇಳಿ, ರಕ್ತದ ಪರೀಕ್ಷೆ ಕೇಳಬೇಕು. ಲಸಿಕೆಯ ಕಾರ್ಡ್, ಹಳೆಯ ಡಿಸ್‌ಚಾರ್ಜ್ ಸಮ್ಮರಿ, ರಕ್ತದ ಗುಂಪು, ಅಲರ್ಜಿಯ ವಿವರ ಒಂದೇ ಕಡತದಲ್ಲಿಡಿ. ಫೋಟೊ ತೆಗೆದು ಮೊಬೈಲಿನಲ್ಲೂ ಇಟ್ಟುಕೊಳ್ಳಿ.

7. ಮಾತ್ರೆ ಚೀಟಿಯೊಂದಿಗೆ ಹೋಗಲಿ, ಗಸಗಸೆ ಮನೆಯಲ್ಲೇ ಉಳಿಯಲಿ

ಮೂರು ತಿಂಗಳಿಗೆ ಆಗುವಷ್ಟು ಮಾತ್ರೆ ಒಯ್ಯುವವರು ಅವನ್ನು ಅಂಗಡಿಯಲ್ಲಿ ಕೊಟ್ಟ ಸ್ಟ್ರಿಪ್ಪಿನಲ್ಲೇ ಇಡಿ, ಬಿಡಿಸಿ ಡಬ್ಬಿಗೆ ಹಾಕಬೇಡಿ. ಡಾಕ್ಟರ ಚೀಟಿಯಲ್ಲಿ ಔಷಧಿಯ ಮೂಲ ಹೆಸರು ಇರಲಿ, ಪಾಸ್‌ಪೋರ್ಟಿನಲ್ಲಿರುವ ಹೆಸರೇ ರೋಗಿಯ ಹೆಸರಾಗಿರಲಿ. ಟ್ರಮಡಾಲ್, ಕೋಡೀನ್ ಇರುವ ನೋವಿನ ಮಾತ್ರೆ ಮತ್ತು ಕೆಮ್ಮಿನ ಸಿರಪ್, ಕೆಲವು ನಿದ್ದೆಯ ಮಾತ್ರೆ ಗಲ್ಫ್ ದೇಶಗಳಲ್ಲಿ ಮಾದಕ ವಸ್ತುಗಳ ಪಟ್ಟಿಯಲ್ಲಿವೆ. ಯುಎಇಗೆ ಇಂಥವನ್ನು ಒಯ್ಯಲು ಅಲ್ಲಿನ ಸರ್ಕಾರದ ಪೂರ್ವಾನುಮತಿ ಬೇಕು. ಪಕ್ಕದ ಮನೆಯವರು "ಅಲ್ಲಿರುವ ನನ್ನ ತಮ್ಮನಿಗೆ ಕೊಟ್ಟುಬಿಡಿ" ಎಂದು ಕೊಡುವ ಮಾತ್ರೆಯ ಪೊಟ್ಟಣವನ್ನು ಒಯ್ಯಲೇಬೇಡಿ.

ಅಮ್ಮ ಪ್ರೀತಿಯಿಂದ ಕಟ್ಟಿಕೊಡುವ ಮಸಾಲೆ ಡಬ್ಬಿಯನ್ನೂ ಒಮ್ಮೆ ಬಿಚ್ಚಿ ನೋಡಿ. ಹಬ್ಬಕ್ಕೆ ಪಾಯಸ ಮಾಡುವ ಗಸಗಸೆ ಯುಎಇಯಲ್ಲೂ ಸೌದಿಯಲ್ಲೂ ನಿಷಿದ್ಧ. ಅದು ಅಫೀಮಿನ ಗಿಡದ ಬೀಜ. ಒಂದು ಹಿಡಿ ಗಸಗಸೆ ಕಸ್ಟಮ್ಸ್‌ನವರ ಕೈಗೆ ಸಿಕ್ಕರೂ ಜೈಲು ಪಾಲಾಗಬಹುದು. ಸಾರಿನ ಪುಡಿ, ಗರಂ ಮಸಾಲೆಯಲ್ಲಿ ಗಸಗಸೆ ಬೆರೆಸಿದ್ದರೆ ಅದನ್ನೂ ತೆಗೆದಿಡಿ.

8. ಕಾರ್ಡ್ ಕೈಗೆ ಬಂದ ದಿನವೇ ಓದಿ

ವಿಮೆ ಕಾರ್ಡನ್ನು ಪರ್ಸಿನಲ್ಲಿ ಸೇರಿಸಿ ಮರೆಯಬೇಡಿ. ಅದರ ಮೇಲೆ ನಿಮ್ಮ ಸದಸ್ಯ ಸಂಖ್ಯೆ, ನೆಟ್‌ವರ್ಕಿನ (ಆ ವಿಮೆ ನಡೆಯುವ ಆಸ್ಪತ್ರೆಗಳ ಗುಂಪಿನ) ಹೆಸರು, ಮುಗಿಯುವ ದಿನಾಂಕ, ಸಹಾಯವಾಣಿ, ಪ್ರತಿ ಭೇಟಿಗೆ ನೀವು ಕೈಯಿಂದ ಕೊಡಬೇಕಾದ ಪಾಲು ಇರುತ್ತವೆ. ಹೆಸರಿನ ಅಕ್ಷರ, ಹುಟ್ಟಿದ ದಿನ ತಪ್ಪಿದ್ದರೆ ಅಂದೇ ಸರಿಪಡಿಸಿ. ಮನೆಗೆ ಹತ್ತಿರದ ನೆಟ್‌ವರ್ಕ್ ಕ್ಲಿನಿಕ್ ಯಾವುದು, ರಾತ್ರಿ ತೆರೆದಿರುವ ಆಸ್ಪತ್ರೆ ಯಾವುದು ಎಂದು ಆರೋಗ್ಯವಾಗಿದ್ದಾಗಲೇ ಪತ್ತೆ ಮಾಡಿಕೊಳ್ಳಿ. ಕಾರ್ಡ್ ಇಲ್ಲದ ರೂಮ್‌ಮೇಟ್‌ಗೆ ಜ್ವರ ಬಂತೆಂದು ನಿಮ್ಮ ಕಾರ್ಡ್ ಕೊಟ್ಟು ಕಳಿಸಬೇಡಿ. ಅದು ಕಾನೂನಿನ ಪ್ರಕಾರ ವಂಚನೆ. ಜೊತೆಗೆ ಅವನ ಕಾಯಿಲೆ ನಿಮ್ಮ ದಾಖಲೆಗೆ ಸೇರಿ, ಮುಂದೆ ನಿಮಗೇ ತಪ್ಪು ಚಿಕಿತ್ಸೆ ಸಿಗುವ ಅಪಾಯವಿದೆ. ಅವನನ್ನು ಮಾಲೀಕರ ಬಳಿ ಕರೆದುಕೊಂಡು ಹೋಗಿ ಕಾರ್ಡ್ ಕೇಳಿಸಿ. ನಿಜವಾದ ಸಹಾಯ ಅದು.

9. ಅಮೆರಿಕದ ಲೆಕ್ಕವನ್ನು ಒಮ್ಮೆ ಬರೆದು ನೋಡಿ

ಅಮೆರಿಕದಲ್ಲಿ ವಿಮೆ ಇದ್ದ ಮಾತ್ರಕ್ಕೆ ಬಿಲ್ ಬರುವುದಿಲ್ಲ ಎಂದಲ್ಲ. ಮೂರು ಮಾತು ಅರ್ಥವಾದರೆ ಸಾಕು. ಡಿಡಕ್ಟಿಬಲ್ ಅಂದರೆ ವಿಮಾ ಕಂಪನಿ ಕೈಹಾಕುವ ಮೊದಲು ವರ್ಷಕ್ಕೆ ನೀವು ಕೊಡಬೇಕಾದ ಮೊತ್ತ. ಕೋಇನ್ಶೂರೆನ್ಸ್ ಅಂದರೆ ಆಮೇಲಿನ ಖರ್ಚಿನಲ್ಲಿ ನಿಮ್ಮ ಶೇಕಡಾ ಪಾಲು. ಔಟ್ ಆಫ್ ಪಾಕೆಟ್ ಮ್ಯಾಕ್ಸಿಮಮ್ ಅಂದರೆ ಆ ವರ್ಷ ನಿಮ್ಮ ಕೈಯಿಂದ ಹೋಗಬಹುದಾದ ಮೊತ್ತದ ಮೇಲ್ಮಿತಿ.

ನಿಮ್ಮ ಡಿಡಕ್ಟಿಬಲ್ 1,500 ಡಾಲರ್, ಕೋಇನ್ಶೂರೆನ್ಸ್ ಶೇ 20, ಮೇಲ್ಮಿತಿ 5,000 ಡಾಲರ್ ಎಂದುಕೊಳ್ಳಿ. 10,000 ಡಾಲರಿನ ಬಿಲ್ ಬಂದರೆ ಮೊದಲ 1,500 ನಿಮ್ಮದು. ಉಳಿದ 8,500ರಲ್ಲಿ ಶೇ 20, ಅಂದರೆ 1,700 ಕೂಡ ನಿಮ್ಮದು. ಒಟ್ಟು 3,200. ಅದೇ 50,000 ಡಾಲರಿನ ಬಿಲ್ ಬಂದರೆ 5,000ಕ್ಕೆ ನಿಮ್ಮ ಜವಾಬ್ದಾರಿ ಮುಗಿಯಿತು. ಈ ಲೆಕ್ಕ ನಡೆಯುವುದು ನೆಟ್‌ವರ್ಕಿನೊಳಗಿನ ಆಸ್ಪತ್ರೆಗೆ ಹೋದರೆ ಮಾತ್ರ. ಕಂಪನಿ ಎರಡು ಮೂರು ಪ್ಲಾನ್ ಮುಂದಿಟ್ಟಾಗ ತಿಂಗಳ ಕಡಿತ ಒಂದನ್ನೇ ನೋಡಬೇಡಿ. ಮನೆಯಲ್ಲಿ ಗರ್ಭಿಣಿಯೋ ಚಿಕ್ಕ ಮಗುವೋ ಇದ್ದರೆ ಕಡಿಮೆ ಡಿಡಕ್ಟಿಬಲ್ ಇರುವ ಪ್ಲಾನ್ ಬಹಳ ಸಲ ಲೇಸು. ಮಗು ಹುಟ್ಟಿದ 30 ದಿನದೊಳಗೆ ಕಂಪನಿಯ ವಿಮೆಗೆ ಮಗುವಿನ ಹೆಸರು ಸೇರಿಸಿಬಿಡಿ.

10. ಇಳಿದ ಮೊದಲ ವಾರವೇ ಡಾಕ್ಟರ ಬಳಿ ಹೆಸರು ಬರೆಸಿ

ಇಂಗ್ಲೆಂಡಿಗೆ ವೀಸಾ ಹಾಕುವಾಗಲೇ ಬಹುತೇಕರು ಆರೋಗ್ಯದ ಸರ್‌ಚಾರ್ಜ್ ಕಟ್ಟಿರುತ್ತಾರೆ. 2024ರ ಫೆಬ್ರವರಿಯಿಂದ ಅದು ವರ್ಷಕ್ಕೆ 1,035 ಪೌಂಡ್, ವಿದ್ಯಾರ್ಥಿಗಳಿಗೆ 776 ಪೌಂಡ್. ಹೆಲ್ತ್ ಅಂಡ್ ಕೇರ್ ವೀಸಾದಲ್ಲಿ ಹೋಗುವ ನರ್ಸ್‌ಗಳಿಗೆ ವಿನಾಯಿತಿ ಇದೆ. ಹಣ ಕಟ್ಟಿಯೂ ಜಿಪಿ, ಅಂದರೆ ಹತ್ತಿರದ ಕುಟುಂಬ ವೈದ್ಯರ ಬಳಿ ಹೆಸರು ಬರೆಸದೆ ಕುಳಿತರೆ ಹೊಟ್ಟೆನೋವು ಬಂದ ದಿನ ಪರದಾಟ. ಆಸ್ಟ್ರೇಲಿಯಾಕ್ಕೆ ಓದಲು ಹೋಗುವವರು ಓಎಸ್‌ಎಚ್‌ಸಿ ಎಂಬ ವಿದ್ಯಾರ್ಥಿ ವಿಮೆಯನ್ನು ವೀಸಾದ ಪೂರ್ತಿ ಅವಧಿಗೆ ಮಾಡಿಸಬೇಕು. ಜರ್ಮನಿಯಲ್ಲಿ ವಿಮೆ ಇಲ್ಲದೆ ವಿಶ್ವವಿದ್ಯಾಲಯದ ದಾಖಲಾತಿಯೇ ಆಗುವುದಿಲ್ಲ.

11. ತುರ್ತು ಸಂಖ್ಯೆ ಬಾಯಿಪಾಠ ಇರಲಿ

ಊರಲ್ಲಿ 108 ಎಲ್ಲರಿಗೂ ಗೊತ್ತು. ಆಂಬುಲೆನ್ಸಿಗೆ ಯುಎಇಯಲ್ಲಿ 998, ಸೌದಿಯಲ್ಲಿ 997, ಕತಾರ್‌ನಲ್ಲಿ 999, ಕುವೈತ್‌ನಲ್ಲಿ 112. ಅಮೆರಿಕದಲ್ಲಿ 911, ಇಂಗ್ಲೆಂಡಿನಲ್ಲಿ 999, ಯುರೋಪಿನಲ್ಲಿ 112, ಆಸ್ಟ್ರೇಲಿಯಾದಲ್ಲಿ 000. ಎದೆನೋವು, ಪಾರ್ಶ್ವವಾಯು, ಉಸಿರಾಟದ ತೊಂದರೆ, ದೊಡ್ಡ ಗಾಯ ಇದ್ದರೆ ಹಣದ ಯೋಚನೆ ಬೇಡ, ಫೋನ್ ಮಾಡಿ. ಅಮೆರಿಕದಲ್ಲಿ 1986ರ ಕಾನೂನಿನ ಪ್ರಕಾರ, ಹಣ ಇರಲಿ ಬಿಡಲಿ, ತುರ್ತು ವಿಭಾಗಕ್ಕೆ ಬಂದವರನ್ನು ಪರೀಕ್ಷಿಸಿ ಪ್ರಾಣಾಪಾಯದಿಂದ ಪಾರು ಮಾಡಲೇಬೇಕು. ಸಾಮಾನ್ಯ ಜ್ವರ, ಕಿವಿನೋವು, ಉಳುಕಿಗೆ ತುರ್ತು ವಿಭಾಗಕ್ಕೆ ಹೋಗಬೇಡಿ. ಅರ್ಜೆಂಟ್ ಕೇರ್ ಕ್ಲಿನಿಕ್ಕಿನಲ್ಲಿ ಖರ್ಚೂ ಕಡಿಮೆ, ಕಾಯುವುದೂ ಕಡಿಮೆ.

12. ಬಿಲ್ ಬಂದ ತಕ್ಷಣ ಕಟ್ಟಬೇಡಿ, ಓದಿ

ಅಮೆರಿಕದಲ್ಲಿ ಆಸ್ಪತ್ರೆಯ ಮೊದಲ ಬಿಲ್ಲೇ ಕೊನೆಯ ಮಾತಲ್ಲ. ಐಟಂವಾರು ಬಿಲ್ ಕೇಳಿ. ಮಾಡದ ಪರೀಕ್ಷೆ, ಎರಡು ಸಲ ಹಾಕಿದ ಶುಲ್ಕ ಇದೆಯೇ ನೋಡಿ. ವಿಮಾ ಕಂಪನಿ ಕಳಿಸುವ ವಿವರ ಪಟ್ಟಿಯಲ್ಲಿ "ನೀವು ಕೊಡಬೇಕಾದದ್ದು" ಎಂದಿರುವ ಮೊತ್ತಕ್ಕೂ ಬಿಲ್ಲಿಗೂ ತಾಳೆ ನೋಡಿ. ತುರ್ತು ಚಿಕಿತ್ಸೆಗೆ ನೆಟ್‌ವರ್ಕಿನ ಹೊರಗಿನ ಆಸ್ಪತ್ರೆಗೆ ಹೋಗಿದ್ದರೂ ಮಿತಿಮೀರಿದ ಬಿಲ್ ಹಾಕದಂತೆ 2022ರ ಜನವರಿ 1ರಿಂದ ಕಾನೂನು ಇದೆ. ರಸ್ತೆಯ ಆಂಬುಲೆನ್ಸ್ ಮಾತ್ರ ಅದರಿಂದ ಹೊರಗಿದೆ. ಲಾಭರಹಿತ ಆಸ್ಪತ್ರೆಗಳಲ್ಲಿ ಆರ್ಥಿಕ ನೆರವಿನ ನೀತಿ ಇರಲೇಬೇಕು. ಅರ್ಜಿ ಕೇಳಲು ಸಂಕೋಚ ಬೇಡ. ಕ್ಲೇಮ್ ತಿರಸ್ಕಾರವಾದರೆ ಮೇಲ್ಮನವಿ ಹಾಕಿ.

13. ಕೆಲಸ ಹೋದ ದಿನ ಮೊದಲ ಕರೆ ವಿಮೆಗೆ

ಅಮೆರಿಕದಲ್ಲಿ ಕೆಲಸದ ಜೊತೆಗೇ ವಿಮೆಯೂ ಹೋಗುತ್ತದೆ. "ಕವರ್ ಯಾವ ದಿನಾಂಕದವರೆಗೆ ಇದೆ?" ಎಂದು ಎಚ್‌ಆರ್ ಅವರನ್ನು ಅಂದೇ ಕೇಳಿ. 20 ಅಥವಾ ಹೆಚ್ಚು ನೌಕರರಿರುವ ಕಂಪನಿಯಾದರೆ ಕೋಬ್ರಾ ಕಾಯ್ದೆಯಡಿ ಅದೇ ವಿಮೆಯನ್ನು ಸಾಮಾನ್ಯವಾಗಿ 18 ತಿಂಗಳವರೆಗೆ ಮುಂದುವರಿಸಬಹುದು. ಆಯ್ಕೆ ಮಾಡಲು 60 ದಿನ ಸಮಯ. ಪ್ರೀಮಿಯಂ ಪೂರ್ತಿ ನೀವೇ ಕಟ್ಟಬೇಕಾಗಿರುವುದರಿಂದ ಹಣ ಹೆಚ್ಚಾಗುತ್ತದೆ. ಗಂಡ ಹೆಂಡತಿ ಇಬ್ಬರೂ ಕೆಲಸದಲ್ಲಿದ್ದರೆ ಇನ್ನೊಬ್ಬರ ವಿಮೆಗೆ 30 ದಿನದೊಳಗೆ ಸೇರಿಕೊಳ್ಳಿ. ಗಲ್ಫ್‌ನಲ್ಲಿ ವೀಸಾ ರದ್ದಾದರೆ ವಿಮೆಯೂ ಹೋಗುತ್ತದೆ, ಆದ್ದರಿಂದ ಬಾಕಿ ಚಿಕಿತ್ಸೆಯನ್ನು ರದ್ದಾಗುವ ಮುನ್ನವೇ ಮುಗಿಸಿಕೊಳ್ಳಿ.

14. ಮರಳುಗಾಡಿನ ಬಿಸಿಲನ್ನು ಹಗುರವಾಗಿ ಕಾಣಬೇಡಿ

ನಂದಿಬೆಟ್ಟದ ತಂಪಿಗೆ ಒಗ್ಗಿದ ಮೈ ಗಲ್ಫ್‌ನ ಬೇಸಿಗೆಗೆ ಒಂದೇ ದಿನದಲ್ಲಿ ಒಗ್ಗುವುದಿಲ್ಲ. ಮೊದಲ ಒಂದೆರಡು ವಾರ ನಿಧಾನವಾಗಿ ದುಡಿಮೆ ಏರಿಸಿ. ಕಾಲು ಗಂಟೆ, ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟ ನೀರು ಕುಡಿಯಿರಿ, ಬಾಯಾರಿಕೆಗೆ ಕಾಯಬೇಡಿ. ವರ್ಷಗಟ್ಟಲೆ ನೀರಿಲ್ಲದೆ ಬಿಸಿಲಲ್ಲಿ ದುಡಿದವರ ಕಿಡ್ನಿ ಸದ್ದಿಲ್ಲದೆ ಕೆಡುತ್ತದೆ. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಯಲಿನ ಕೆಲಸ ನಿಷಿದ್ಧ. ಸೌದಿಯಲ್ಲಿ ಅದೇ ದಿನಗಳಲ್ಲಿ 12ರಿಂದ 3ರವರೆಗೆ. ಕತಾರ್‌ನಲ್ಲಿ ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ 3.30ರವರೆಗೆ. ಇದು ನಿಮ್ಮ ಹಕ್ಕು. ತಲೆಸುತ್ತು, ವಾಂತಿ, ಬೆವರು ನಿಂತು ಮೈ ಸುಡುವುದು ಕಂಡರೆ ಅದು ಪ್ರಾಣಕ್ಕೇ ಸಂಚಕಾರ, ತಕ್ಷಣ ನೆರಳಿಗೆ ಸರಿದು ಆಂಬುಲೆನ್ಸ್ ಕರೆಸಿ.

15. ಮನಸ್ಸಿನ ನೋವಿಗೂ ಡಾಕ್ಟರ್ ಇದ್ದಾರೆ

ಒಂಟಿತನ, ಸಾಲದ ಚಿಂತೆ, ಊರಿನ ಸಾವಿಗೆ ಬರಲಾಗದ ಸಂಕಟ ಪರದೇಶದಲ್ಲಿರುವವರಿಗೆ ಹೊಸದಲ್ಲ. ನಿದ್ದೆ ಹೋಗಿ ಊಟ ಸೇರದೆ ವಾರಗಳೇ ಕಳೆದರೆ ಅದು ಕಾಯಿಲೆ, ಅದಕ್ಕೆ ಚಿಕಿತ್ಸೆ ಇದೆ. ಅಮೆರಿಕದಲ್ಲಿ 988ಕ್ಕೆ, ಇಂಗ್ಲೆಂಡಿನಲ್ಲಿ 116 123ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು. ಊರಲ್ಲಿ ಉಳಿದ ಹೆಂಡತಿಗೂ ತಾಯಿಗೂ ಇದೇ ಸಂಕಟ ಇರುತ್ತದೆ. ಅವರಿಗೆ ಟೆಲಿ ಮಾನಸ್ 14416 ಇದೆ. 2022ರ ಅಕ್ಟೋಬರಿನಲ್ಲಿ ಶುರುವಾದ ಈ ಉಚಿತ ಸೇವೆಯಲ್ಲಿ ಕನ್ನಡದಲ್ಲೇ ಮಾತಾಡಬಹುದು. ವೀಡಿಯೊ ಕಾಲ್‌ನಲ್ಲಿ "ಚೆನ್ನಾಗಿದ್ದೀನಿ" ಎಂದ ಮಗನ ಮುಖ ಬಾಡಿದ್ದರೆ ಮನೆಯವರು ಇನ್ನೊಮ್ಮೆ ಕೇಳಬೇಕು.

16. ಅಪ್ಪ ಅಮ್ಮನನ್ನು ಕರೆಸಿಕೊಳ್ಳುವ ಮೊದಲು ವಿಮೆ ಮಾಡಿಸಿ

ಬಾಣಂತನಕ್ಕೆ ಅಮ್ಮನನ್ನು ಅಮೆರಿಕಕ್ಕೆ ಕರೆಸಿಕೊಳ್ಳುವ ಮಕ್ಕಳೇ, ನಿಮ್ಮ ಕಂಪನಿಯ ವಿಮೆ ಸಾಮಾನ್ಯವಾಗಿ ಅವರಿಗೆ ಅನ್ವಯಿಸುವುದಿಲ್ಲ. ಪ್ರತ್ಯೇಕ ವಿಸಿಟರ್ಸ್ ಇನ್ಶೂರೆನ್ಸ್ ಬೇಕು. ಒಂದೊಂದು ಚಿಕಿತ್ಸೆಗೆ ಇಷ್ಟೇ ಎಂದು ಕಟ್ಟು ಹಾಕುವ ಅಗ್ಗದ ಪ್ಲಾನಿಗಿಂತ ಪೂರ್ಣ ಪ್ರಮಾಣದ ಪ್ಲಾನ್ ನೋಡಿ. ಬಿಪಿ, ಶುಗರ್, ಹೃದಯದ ಹಳೆಯ ತೊಂದರೆಗಳಿಗೆ ಬಹುತೇಕ ಪ್ಲಾನುಗಳಲ್ಲಿ ರಕ್ಷಣೆ ಇರುವುದಿಲ್ಲ, ಇದ್ದರೂ ವಯಸ್ಸಿಗೂ ಮೊತ್ತಕ್ಕೂ ಮಿತಿ ಇರುತ್ತದೆ. ಆ ಸಾಲನ್ನು ಎರಡು ಸಲ ಓದಿ.

ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೊ ವಿಮೆ ಕಡ್ಡಾಯ. ಕೆನಡಾದ ಸೂಪರ್ ವೀಸಾಕ್ಕೆ ಕನಿಷ್ಠ 1 ಲಕ್ಷ ಕೆನಡಿಯನ್ ಡಾಲರ್ ವಿಮೆ ಬೇಕು. ಇಂಗ್ಲೆಂಡಿಗೆ ನೋಡಲೆಂದು ಬಂದ ಹೆತ್ತವರು ಆಸ್ಪತ್ರೆಗೆ ದಾಖಲಾದರೆ ಎನ್‌ಎಚ್‌ಎಸ್ ದರದ ಒಂದೂವರೆ ಪಟ್ಟು ಬಿಲ್ ಬರಬಹುದು. ಭಾಷೆಯ ಚಿಂತೆ ಬೇಡ. ಅಮೆರಿಕದ ಆಸ್ಪತ್ರೆಗಳಲ್ಲೂ ಎನ್‌ಎಚ್‌ಎಸ್‌ನಲ್ಲೂ ದುಭಾಷಿಯನ್ನು ಉಚಿತವಾಗಿ ಕೇಳಬಹುದು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ತೆಲುಗು ಇಲ್ಲವೇ ಉರ್ದು ಆಡುತ್ತಾರೆ. ಅಮ್ಮನಿಗೆ ನೋವು ಹೇಳಿಕೊಳ್ಳಲು ಯಾವ ಭಾಷೆ ಸಲೀಸೋ ಅದನ್ನೇ ಕೇಳಿ.

17. ಊರಲ್ಲಿರುವ ಹೆತ್ತವರ ಏರ್ಪಾಡು ನಿಮ್ಮದೇ ಜವಾಬ್ದಾರಿ

ತಿಂಗಳಿಗೊಮ್ಮೆ ಹಣ ಕಳಿಸಿದರೆ ಆಗಲಿಲ್ಲ. ಡೇರಿಗೆ ಹಾಲು ಹಾಕುವ ಅಪ್ಪ ಸಹಕಾರ ಸಂಘದ ಸದಸ್ಯರಾಗಿದ್ದರೆ ಯಶಸ್ವಿನಿ ಯೋಜನೆಗೆ ಸೇರಿಸಿ. 2003ರಲ್ಲಿ ಶುರುವಾಗಿ, ನಡುವೆ ನಿಂತು, 2022-23ರಲ್ಲಿ ಮತ್ತೆ ಜಾರಿಯಾದ ಈ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ನೋಂದಣಿಗೆ ನಿಗದಿತ ಅವಧಿ ಇರುತ್ತದೆ, ಸಂಘದ ಕಾರ್ಯದರ್ಶಿಯನ್ನು ಕೇಳಿಡಿ. ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ತುರ್ತು ಸಂದರ್ಭ ಬಿಟ್ಟರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ರೆಫರಲ್ ಪಡೆಯಬೇಕು.

ರಾತ್ರಿ ಎದೆನೋವು ಬಂದರೆ ಮನೆಯವರು ನೇರ ಬೆಂಗಳೂರಿಗೆ ಹೊರಡುವುದು ನಮ್ಮ ಕಡೆಯ ರೂಢಿ. ಮೊದಲು ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ ಆಗಲಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲೇ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ನಿಮ್ಮ ತಾಲ್ಲೂಕಿನ ಆಸ್ಪತ್ರೆಯಲ್ಲಿ ಈ ಸೌಲಭ್ಯ ಇದೆಯೇ ಎಂದು ಇಂದೇ ವಿಚಾರಿಸಿ. ಜೊತೆಗೆ ಓಡುವವರು ಯಾರು, ಯಾರ ಗಾಡಿ, ಅಡ್ವಾನ್ಸ್ ಕಟ್ಟಲು ಯಾವ ಖಾತೆ ಎಂಬುದನ್ನು ಮೊದಲೇ ತೀರ್ಮಾನಿಸಿ, ಬರೆದು ಗೋಡೆಗೆ ಅಂಟಿಸಿ.

18. ಇಲ್ಲಿನ ಪಾಲಿಸಿ ಬಿಡಬೇಡಿ, ಅಲ್ಲಿನ ರಾಯಭಾರ ಕಚೇರಿ ಮರೆಯಬೇಡಿ

"ಅಲ್ಲಿ ವಿಮೆ ಇದೆಯಲ್ಲ" ಎಂದು ಇಲ್ಲಿನ ಆರೋಗ್ಯ ಪಾಲಿಸಿ ನಿಲ್ಲಿಸುವವರು ವಾಪಸ್ ಬಂದಾಗ ಕಷ್ಟಪಡುತ್ತಾರೆ. ಹೊಸ ಪಾಲಿಸಿ ತೆಗೆದರೆ ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ ಮತ್ತೆ ಮೊದಲಿಂದ. 2024ರ ನಿಯಮದಂತೆ ಅದು ಗರಿಷ್ಠ ಮೂರು ವರ್ಷ. ಸತತ ಐದು ವರ್ಷ ಪ್ರೀಮಿಯಂ ಕಟ್ಟಿದ ಪಾಲಿಸಿಯಲ್ಲಿ ವಂಚನೆ ಸಾಬೀತಾಗದ ಹೊರತು "ಕಾಯಿಲೆ ಮುಚ್ಚಿಟ್ಟಿದ್ದೀರಿ" ಎಂದು ಕ್ಲೇಮ್ ತಳ್ಳಿಹಾಕುವಂತಿಲ್ಲ. ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಜಿಎಸ್‌ಟಿಯೂ 2025ರ ಸೆಪ್ಟೆಂಬರ್ 22ರಿಂದ ಇಲ್ಲ. ಚಿಕ್ಕ ಮೊತ್ತದ್ದಾದರೂ ಒಂದು ಪಾಲಿಸಿ ಜೀವಂತ ಇರಲಿ.

ಎಲ್ಲ ದಾರಿ ಮುಚ್ಚಿದಾಗ ಭಾರತದ ರಾಯಭಾರ ಕಚೇರಿ ಇದೆ. 2009ರಲ್ಲಿ ಶುರುವಾದ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ಕಷ್ಟದಲ್ಲಿರುವವರ ತುರ್ತು ಚಿಕಿತ್ಸೆಗೆ, ತೀರಿಕೊಂಡವರ ದೇಹ ಊರಿಗೆ ತರುವುದಕ್ಕೆ ನೆರವು ಸಿಗುತ್ತದೆ. ವಿದೇಶಾಂಗ ಸಚಿವಾಲಯದ ಮದದ್ ತಾಣದಲ್ಲಿ ಮನೆಯವರೂ ಇಲ್ಲಿಂದಲೇ ದೂರು ದಾಖಲಿಸಬಹುದು. ಪಾಸ್‌ಪೋರ್ಟ್ ಪ್ರತಿ, ವೀಸಾ ಪ್ರತಿ, ಮಾಲೀಕರ ವಿಳಾಸ ಊರಲ್ಲಿ ಇಲ್ಲದಿದ್ದರೆ ಯಾವ ಕಚೇರಿಯೂ ಬೇಗ ಕೆಲಸ ಮಾಡಲಾರದು.

ಇಷ್ಟೂ ಸೂತ್ರ ಒಂದೇ ದಿನದಲ್ಲಿ ಆಗುವ ಕೆಲಸವಲ್ಲ. ಈ ವಾರ ಮೂರು ಮಾಡಿ. ಹೊರಡುವವರು ಆಫರ್ ಲೆಟರಿನಲ್ಲಿ ವಿಮೆಯ ಸಾಲು ಹುಡುಕಲಿ. ಆಗಲೇ ಅಲ್ಲಿರುವವರು ತಮ್ಮ ವಿಮೆ ಕಾರ್ಡಿನ ಫೋಟೊವನ್ನು ಮನೆಗೆ ಕಳಿಸಲಿ. ಊರಲ್ಲಿರುವವರು ಮಗನ, ಮಗಳ ಕಾಗದಗಳ ಪ್ರತಿಯನ್ನು ಒಂದು ಫೈಲಿಗೆ ಸೇರಿಸಲಿ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಸಂಘ ಸಂಸ್ಥೆಗಳು, ಮಸೀದಿ ಕಮಿಟಿಗಳು, ನರ್ಸಿಂಗ್ ಕಾಲೇಜುಗಳು ಹೊರಡುವವರನ್ನು ಕೂರಿಸಿ ಒಂದು ಗಂಟೆ ಈ ಮಾತು ಹೇಳಲಿ. ದುಡಿಯಲು ಹೋದವರು ದುಡಿಮೆಯೊಂದಿಗೆ ಆರೋಗ್ಯವನ್ನೂ ಉಳಿಸಿಕೊಂಡು ಮನೆಗೆ ಬರಬೇಕು. ಅದಕ್ಕೆ ಬೇಕಾದ ಏರ್ಪಾಡನ್ನು ಇಂದೇ ಶುರು ಮಾಡಿ.